ಫೋರ್ಕಿನ ಗಾಳಿ ಹೋದದ್ದೆಲ್ಲಿಗೆ?

ಶನಿವಾರ ಸಂಜೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆ. ಮರುದಿನ ನಸುಕಿಗೇ ನಂದಿಬೆಟ್ಟದ ಕಡೆಗೋ ಸಕಲೇಶಪುರದ ಕಾಫಿ ತೋಟದ ದಾರಿಗೋ ಹೊರಡಬೇಕಾದ ಮೌಂಟನ್ ಬೈಕ್ ಕಂಬಕ್ಕೊರಗಿ ನಿಂತಿದೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತವರ ಕೈಯಲ್ಲಿ ಗುಂಡನೆಯ ಮೀಟರಿರುವ ಪುಟ್ಟ ಪಂಪು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಎಡಗಾಲಿನ ಮುಚ್ಚಳ ತೆಗೆದು, ಪಂಪಿನ ಪೈಪನ್ನು ತಿರುಗಿಸಿ ಕೂರಿಸಿ, ಒತ್ತಿ ಒತ್ತಿ ಮುಳ್ಳನ್ನು 80ಕ್ಕೆ ತಂದು ಬಿಚ್ಚುತ್ತಾರೆ. ‘ಸುಯ್’ ಎಂದು ಗಾಳಿ ಹಾರುತ್ತದೆ, ಎದೆ ಧಸಕ್ಕೆನ್ನುತ್ತದೆ. ಎಷ್ಟು ಹೋಯಿತೋ ನೋಡೋಣವೆಂದು ಮತ್ತೆ ಪಂಪು ಸಿಕ್ಕಿಸಿದರೆ ಮುಳ್ಳು 76ರಲ್ಲಿ. ಬಿಚ್ಚಿ ಇನ್ನೊಮ್ಮೆ ಸಿಕ್ಕಿಸಿದರೆ 73. ಫೋರ್ಕ್ ಸೋರುತ್ತಿದೆ ಎಂದು ತೀರ್ಮಾನವಾಗುತ್ತದೆ. ಗೆಳೆಯರ ಗುಂಪಿಗೆ ಸಂದೇಶ ಹೋಗುತ್ತದೆ: ‘ನಾಳೆ ನಾನು ಬರಲ್ಲ, ಫೋರ್ಕ್ ಹೋಯ್ತು.’

ಬಹುಮಟ್ಟಿಗೆ ಫೋರ್ಕಿಗೆ ಏನೂ ಆಗಿರುವುದಿಲ್ಲ. ಆ ಮೂರ್ನಾಲ್ಕು ಪಿಎಸ್‌ಐ (ಮೀಟರಿನ ಒತ್ತಡದ ಅಳತೆ) ಗಾಳಿ ಪಂಪಿನ ಪೈಪಿನೊಳಗೆ ಸೇರಿಕೊಂಡಿದೆ, ಅಷ್ಟೇ. ಪ್ರತಿ ಸಲ ‘ನೋಡುವಾಗಲೂ’ ಖಾಲಿ ಪೈಪು ತುಂಬಿಕೊಳ್ಳಲು ಫೋರ್ಕಿನಿಂದ ಒಂದು ಪಾಲು ಕಿತ್ತುಕೊಳ್ಳುತ್ತದೆ. ಬಿಚ್ಚುವಾಗ ಕೇಳುವ ‘ಸುಯ್’ ಕೂಡ ಆ ಪೈಪಿನದೇ. ವಾಲ್ವ್ ಅಷ್ಟರಲ್ಲಿ ಮುಚ್ಚಿಕೊಂಡಾಗಿರುತ್ತದೆ.

ಮೌಂಟನ್ ಬೈಕಿನ ಮುಂಭಾಗದ ಸಸ್ಪೆನ್ಷನ್ನಿಗೆ ಸಂಬಂಧಿಸಿದ ದೂರುಗಳಲ್ಲಿ ‘ಗಾಳಿ ನಿಲ್ಲುತ್ತಿಲ್ಲ’ ಎನ್ನುವುದು ಆಗಾಗ ಕೇಳಿಬರುತ್ತದೆ. ಈ ದೂರಿಗೆ ಎಲ್ಲರೂ ಕೇಳುವ ಪ್ರಶ್ನೆ ‘ಇನ್ನೆಷ್ಟು ಗಾಳಿ ಹಾಕಬೇಕು?’ ಎಂಬುದು. ಕೇಳಬೇಕಾದದ್ದು ಬೇರೆ: ಹೋದ ಗಾಳಿ ಎಲ್ಲಿಗೆ ಹೋಯಿತು? ಗಾಳಿ ಮಾಯವಾಗುವ ವಸ್ತುವಲ್ಲ. ಫೋರ್ಕಿನಿಂದ ಅದು ಹೋಗಬಲ್ಲ ಜಾಗಗಳು ಕೆಲವೇ ಕೆಲವು, ಒಂದೊಂದು ಕಡೆ ಹೋದಾಗಲೂ ಒಂದೊಂದು ಗುರುತು ಬಿಟ್ಟು ಹೋಗುತ್ತದೆ.

ಸ್ಪ್ರಿಂಗಿನ ಜಾಗದಲ್ಲಿ ಗಾಳಿ

ಮೊದಲಿಗೆ ನಿಮ್ಮ ಸೈಕಲ್ಲಿನಲ್ಲಿರುವುದು ಗಾಳಿಯ ಫೋರ್ಕೇ ಎಂದು ಖಚಿತಮಾಡಿಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ‘ಸಸ್ಪೆನ್ಷನ್ ಸೈಕಲ್’ಗಳಲ್ಲಿ ಇರುವುದು ಹೆಚ್ಚಾಗಿ ಉಕ್ಕಿನ ಸುರುಳಿ ಸ್ಪ್ರಿಂಗು. ಅದರ ಎಡಗಾಲಿನ ತಲೆಯ ಮೇಲೆ ಕೂಡು-ಕಳೆ ಗುರುತಿನ ತಿರುಗುಗುಂಡಿ ಇರುತ್ತದೆ. ಗಾಳಿಯ ಫೋರ್ಕಿನಲ್ಲಿ ಅದೇ ಜಾಗದಲ್ಲಿ ಒಂದು ಮುಚ್ಚಳ, ಅದರ ಕೆಳಗೆ ಸ್ಕೂಟರ್ ಟಯರಿಗಿರುವಂಥದೇ ವಾಲ್ವ್. ಹೆಚ್ಚಿನ ಫೋರ್ಕುಗಳಲ್ಲಿ ಎಡಗಾಲು ಗಾಳಿಯದು, ಬಲಗಾಲು ಎಣ್ಣೆಯದು. ಗಾಳಿ ಹೊಡೆತವನ್ನು ಹೊರುತ್ತದೆ, ಎಣ್ಣೆ ಅದರ ವೇಗಕ್ಕೆ ಕಡಿವಾಣ ಹಾಕುತ್ತದೆ. ಎರಡು ಕಾಲಿಗೂ ಬೇರೆ ಬೇರೆ ಉದ್ಯೋಗ ಎಂಬುದು ನೆನಪಿದ್ದರೆ ಮುಂದೆ ಅರ್ಧ ಗೊಂದಲ ತಪ್ಪುತ್ತದೆ.

ಗಾಳಿಯ ಫೋರ್ಕ್ ನಿನ್ನೆ ಮೊನ್ನೆಯದಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಿಂದ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುವ ಪಂದ್ಯ ನಡೆಯುತ್ತಿತ್ತು. ಒಂದು ಇಳಿತಕ್ಕೇ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬಿಯೇ ಮುಂದಿನ ಸರದಿ. ಆಗ ಸವಾರರಿಗಿದ್ದ ಸಸ್ಪೆನ್ಷನ್ ಎಂದರೆ ಮೊಣಕೈ ಮತ್ತು ಮೊಣಕಾಲು. ಮೋಟಾರ್‌ಸೈಕಲ್ ಲೋಕದಿಂದ ಬಂದ ಪಾಲ್ ಟರ್ನರ್ 1989ರಲ್ಲಿ ರಾಕ್‌ಶಾಕ್ಸ್ ಎಂಬ ಕಂಪನಿ ಕಟ್ಟಿ ಗಾಳಿ-ಎಣ್ಣೆಯ ಫೋರ್ಕ್ ತಯಾರಿಸಿದರು. ಅದು ಕುಸಿಯುತ್ತಿದ್ದದ್ದು ಐದು ಸೆಂಟಿಮೀಟರಿಗೂ ಕಡಿಮೆ. ಮರುವರ್ಷವೇ, 1990ರಲ್ಲಿ, ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಇಳಿಜಾರು ಪಂದ್ಯವನ್ನು ಗ್ರೆಗ್ ಹರ್ಬೋಲ್ಡ್ ಅದೇ ಫೋರ್ಕ್ ಹಾಕಿಕೊಂಡು ಗೆದ್ದಾಗ, ‘ಇದು ತೂಕ ಹೆಚ್ಚಿಸುವ ಆಟಿಕೆ’ ಎಂದು ಮೂಗು ಮುರಿಯುತ್ತಿದ್ದವರು ಸುಮ್ಮನಾದರು. ನಡುವೆ ರಬ್ಬರಿನಂಥ ಗಟ್ಟಿಗಳ ಕಾಲ ಬಂತು, ಉಕ್ಕಿನ ಸ್ಪ್ರಿಂಗಿನ ಕಾಲವೂ ಬಂತು. ಸೀಲುಗಳು ಸುಧಾರಿಸಿದ ಮೇಲೆ ಗಾಳಿಯೇ ಮತ್ತೆ ಗದ್ದುಗೆ ಏರಿತು.

ಕಾರಣ ಸರಳ. ಉಕ್ಕಿನ ಸ್ಪ್ರಿಂಗು 55 ಕಿಲೋದವರಿಗೆ ಗಟ್ಟಿ ಎನಿಸಿದರೆ, 90 ಕಿಲೋದವರಿಗೆ ಮೆತ್ತಗಾದರೆ, ಬೇರೆ ಸ್ಪ್ರಿಂಗನ್ನೇ ತರಬೇಕು. ಗಾಳಿಯಾದರೆ ಪಂಪಿನ ಮಾತು. ಹಗುರ ಬೇರೆ.

ಎಷ್ಟು ಗಾಳಿ, ಎಷ್ಟು ಒತ್ತಡ

ಸೈಕಲ್ ಪಂಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿ ನೋಡಿದವರಿಗೆ ಗಾಳಿಯ ಸ್ಪ್ರಿಂಗು ಗೊತ್ತು. ಆರಂಭದಲ್ಲಿ ಸಲೀಸು, ಕೊನೆಗೆ ಕಲ್ಲು. ರಾಬರ್ಟ್ ಬಾಯ್ಲ್ 1662ರಲ್ಲಿ ಬರೆದಿಟ್ಟ ನಿಯಮವೇ ಇದು: ಜಾಗ ಅರ್ಧವಾದರೆ ಒತ್ತಡ ಇಮ್ಮಡಿ.

ಲೆಕ್ಕ ಹಾಕುವಾಗ ವಾತಾವರಣದ ಒತ್ತಡವನ್ನೂ ಸೇರಿಸಿಕೊಳ್ಳಬೇಕು. ಮೀಟರಿನಲ್ಲಿ 70 ಪಿಎಸ್‌ಐ ಎಂದರೆ, ಸಮುದ್ರಮಟ್ಟದಲ್ಲಿ ನಿಜವಾಗಿ ಒಳಗಿರುವುದು ಸುಮಾರು 85. ಫೋರ್ಕ್ ಕುಸಿದು ಗಾಳಿಯ ಜಾಗ ಅರ್ಧವಾದಾಗ ಅದು 170 ಆಗುತ್ತದೆ, ಮೂರನೆಯ ಒಂದಾದಾಗ 255. ಉಕ್ಕಿನ ಸ್ಪ್ರಿಂಗು ಸಮನಾಗಿ ಗಟ್ಟಿಯಾಗುತ್ತ ಹೋದರೆ, ಗಾಳಿ ಕೊನೆಕೊನೆಗೆ ಏಕಾಏಕಿ ಗಟ್ಟಿಯಾಗುತ್ತದೆ. ಹಾರಿ ಬಿದ್ದಾಗ ಫೋರ್ಕ್ ತಳ ಹೊಡೆಯದಂತೆ ಕಾಯುವುದು ಈ ಗುಣವೇ.

ಇಷ್ಟೆಲ್ಲ ಮಾಡುವ ಗಾಳಿಯ ಪ್ರಮಾಣ ಮಾತ್ರ ಬಹಳ ಸಣ್ಣದು. ಫೋರ್ಕಿನ ಕಾಲಿನೊಳಗಿನ ಗಾಳಿಯ ಜಾಗ ಹೆಚ್ಚುಕಡಿಮೆ ಒಂದೆರಡು ಸಣ್ಣ ಟೀ ಲೋಟದಷ್ಟು. ಆದ್ದರಿಂದಲೇ ಪಂಕ್ಚರ್ ಅಂಗಡಿಗೆ ಹೋಗಿ ‘ಅಣ್ಣಾ, ಇದಕ್ಕೂ ಸ್ವಲ್ಪ ಗಾಳಿ ಹಾಕಿಬಿಡಿ’ ಎನ್ನುವುದು ಅಪಾಯ. ಕಂಪ್ರೆಸರಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನುಗ್ಗಿರುತ್ತದೆ, ಎಷ್ಟೆಂದು ತಿಳಿಯುವುದೂ ಇಲ್ಲ. ಟಯರಿಗೆ ಬಳಸುವ ನಿಲುಪಂಪಿನದೂ ಅದೇ ಕತೆ, ಒಂದು ಒತ್ತಿಗೆ ಮುಳ್ಳು ಹಾರಿಬಿಡುತ್ತದೆ. ಶಾಕ್ ಪಂಪು ಎಂಬ, ಮೀಟರಿರುವ ಆ ಪುಟ್ಟ ಪಂಪು ಬೇಕೇ ಬೇಕು ಎನ್ನುವುದು ಅದಕ್ಕೆ. ಅದರ ಒಂದು ಒತ್ತು ಮುಳ್ಳನ್ನು ಸ್ವಲ್ಪವೇ ಸರಿಸುತ್ತದೆ. ಫೋರ್ಕ್ ಕೊಳ್ಳಲು ದುಡ್ಡಿದ್ದು ಶಾಕ್ ಪಂಪಿಗೆ ಲೆಕ್ಕ ನೋಡುವವರನ್ನು ಕಂಡರೆ ನನಗೆ ಈಗಲೂ ಆಶ್ಚರ್ಯ.

ಎಷ್ಟು ಹಾಕಬೇಕು ಎಂಬುದಕ್ಕೆ ಫೋರ್ಕಿನ ಕಾಲಿನ ಮೇಲೇ ತೂಕಕ್ಕೆ ತಕ್ಕ ಪಟ್ಟಿ ಅಂಟಿಸಿರುತ್ತಾರೆ. ಅದು ಆರಂಭಕ್ಕಷ್ಟೇ. ಒರೆಗಲ್ಲು ಎಂದರೆ ಸವಾರ ಸುಮ್ಮನೆ ಕೂತಾಗ ಫೋರ್ಕ್ ಎಷ್ಟು ಕುಸಿಯುತ್ತದೆ ಎಂಬುದು. ಸವಾರರು ಅದನ್ನು ಸ್ಯಾಗ್ ಎನ್ನುತ್ತಾರೆ. ಹೆಲ್ಮೆಟ್ಟು, ನೀರಿನ ಚೀಲ ಎಲ್ಲ ಹಾಕಿಕೊಂಡು, ಹೊಳೆಯುವ ಮೇಲಿನ ಕೊಳವೆಗೆ ತೊಡಿಸಿರುವ ರಬ್ಬರ್ ಬಳೆಯನ್ನು ಕೆಳಗೆ ಸೀಲಿನವರೆಗೆ ಸರಿಸಿ, ಕುಲುಕದೆ ಹತ್ತಿ, ಕುಲುಕದೆ ಇಳಿಯಬೇಕು. ಬಳೆ ಎಷ್ಟು ಮೇಲೆ ಸರಿದಿದೆಯೋ ಅದೇ ಅಳತೆ. 120 ಮಿ.ಮೀ. ಕುಸಿಯಬಲ್ಲ ಫೋರ್ಕಿನಲ್ಲಿ ಶೇ 20 ಎಂದರೆ 24 ಮಿ.ಮೀ. ವೇಗದ ಪಂದ್ಯಕ್ಕೆ ಶೇ 15, ಕಲ್ಲುಮುಳ್ಳಿನ ಇಳಿಜಾರಿಗೆ ಶೇ 25 ಹೀಗೆ ಅವರವರ ಅಭಿರುಚಿ. ಇನ್ನೊಬ್ಬರು ‘ನಾನು 75 ಹಾಕ್ತೀನಿ’ ಎಂದದ್ದು ನಿಮಗೆ ಯಾವ ಕೆಲಸಕ್ಕೂ ಬಾರದು.

ಎರಡು ಕೋಣೆ, ನಡುವೊಂದು ಕಿಂಡಿ

ಗಾಳಿಯ ಕಾಲಿನೊಳಗೆ ಒಂದಲ್ಲ, ಎರಡು ಕೋಣೆಗಳಿವೆ. ಅರ್ಧಕ್ಕರ್ಧ ಗೊಂದಲದ ಬೇರು ಇದೇ.

ನಡುವೆ ಒಂದು ಪಿಸ್ಟನ್. ಮೇಲಿನ ಕೋಣೆಯ ಗಾಳಿ ಫೋರ್ಕನ್ನು ಉದ್ದಕ್ಕೆ ನೂಕುತ್ತದೆ. ಅದೊಂದೇ ಇದ್ದರೆ ಫೋರ್ಕ್ ಸೆಟೆದು ನಿಂತು, ಸಣ್ಣಪುಟ್ಟ ಕಲ್ಲುಗಳಿಗೆ ಜಗ್ಗುವುದೇ ಇಲ್ಲ, ಮೊದಲ ಕದಲಿಕೆಗೇ ದೊಡ್ಡ ಪೆಟ್ಟು ಬೇಕಾಗುತ್ತದೆ. ಹಾಗಾಗಿ ಪಿಸ್ಟನ್ನಿನ ಕೆಳಗೂ ಒಂದು ಪುಟ್ಟ ಕೋಣೆ ಮಾಡಿ ಅಲ್ಲಿಯೂ ಗಾಳಿ ತುಂಬುತ್ತಾರೆ. ಅದು ಎದುರು ದಿಕ್ಕಿಗೆ ತಳ್ಳಿ ಆರಂಭದ ಬಿಗಿತವನ್ನು ಸಡಿಲಿಸುತ್ತದೆ. ಮೇಲಿನದಕ್ಕೆ ಪಾಸಿಟಿವ್, ಕೆಳಗಿನದಕ್ಕೆ ನೆಗೆಟಿವ್ ಎಂದು ಹೆಸರು.

ಹಳೆಯ ಕೆಲವು ಫೋರ್ಕುಗಳಲ್ಲಿ ಎರಡಕ್ಕೂ ಪ್ರತ್ಯೇಕ ವಾಲ್ವ್ ಇರುತ್ತಿತ್ತು, ಎಡಗಾಲಿನ ತಲೆಯಲ್ಲೊಂದು, ಪಾದದಲ್ಲೊಂದು. ಮೊದಲು ಮೇಲಿನದು, ಆಮೇಲೆ ಕೆಳಗಿನದು ತುಂಬಬೇಕು. ಈಗಿನವುಗಳಲ್ಲಿ ವಾಲ್ವ್ ಒಂದೇ. ಕೊಳವೆಯ ಒಳಗೋಡೆಯಲ್ಲಿ ಒಂದು ಕಡೆ ಸಣ್ಣ ತಗ್ಗು ಮಾಡಿರುತ್ತಾರೆ. ಪಿಸ್ಟನ್ನಿನ ಸೀಲು ಆ ತಗ್ಗಿನ ಎದುರು ಬಂದ ಕ್ಷಣ ಎರಡು ಕೋಣೆಗಳ ನಡುವೆ ಕಿಂಡಿ ತೆರೆದು ಒತ್ತಡ ಸಮವಾಗುತ್ತದೆ.

ಈಗ ಹೊಸ ಫೋರ್ಕಿಗೆ ಮೊದಲ ಸಲ ಗಾಳಿ ಹಾಕುವವರ ಪಾಡು ನೋಡಿ. ಮುಳ್ಳು 80ಕ್ಕೆ ಬಂತೆಂದು ಬಿಚ್ಚಿ, ಹ್ಯಾಂಡಲ್ ಒತ್ತಿ ನಾಲ್ಕು ಸಲ ಕುಲುಕುತ್ತಾರೆ. ಅಷ್ಟರಲ್ಲಿ ಮೇಲಿನ ಗಾಳಿ ಒಂದಿಷ್ಟು ಕಿಂಡಿಯ ಮೂಲಕ ಕೆಳಗಿನ ಖಾಲಿ ಕೋಣೆಗೆ ಇಳಿದಿದೆ. ಮತ್ತೆ ಮೀಟರು ನೋಡಿದರೆ 70ರ ಆಸುಪಾಸು. ಅಂಗಡಿಯವನು ಸೋರುವ ಮಾಲು ಕೊಟ್ಟ ಎಂಬ ರೇಗಾಟ ಇಲ್ಲಿಂದ ಶುರು. ಸರಿಯಾದ ಕ್ರಮ ಎಂದರೆ ಪಂಪು ಸಿಕ್ಕಿಸಿಟ್ಟುಕೊಂಡೇ, ಹಂತಹಂತವಾಗಿ ತುಂಬುತ್ತ, ಪ್ರತಿ ಹಂತದಲ್ಲೂ ಫೋರ್ಕನ್ನು ನಿಧಾನವಾಗಿ ಒತ್ತಿ ಬಿಡುವುದು. ಕುಲುಕಿದ ಮೇಲೂ ಮುಳ್ಳು ಕದಲದೆ ನಿಂತಾಗ ಎರಡೂ ಕೋಣೆ ಸಮವಾದವೆಂದು ಅರ್ಥ.

ಗಾಳಿ ಇಳಿಸುವಾಗ ಇದರ ಉಲ್ಟಾ ಅವಾಂತರ. ವಾಲ್ವಿನ ಪಿನ್ನನ್ನು ಉಗುರಲ್ಲಿ ಒತ್ತಿ ಒಂದೇ ಉಸಿರಿಗೆ ಬಿಟ್ಟರೆ ಖಾಲಿಯಾಗುವುದು ಮೇಲಿನ ಕೋಣೆ ಮಾತ್ರ. ಕೆಳಗೆ ಸಿಕ್ಕಿಬಿದ್ದ ಗಾಳಿ ಫೋರ್ಕನ್ನು ಒಳಕ್ಕೆ ಎಳೆದು ಕುಳ್ಳಗಾಗಿಸುತ್ತದೆ. ಇಳಿಸುವುದನ್ನೂ ಕುಲುಕುತ್ತ, ಸ್ವಲ್ಪ ಸ್ವಲ್ಪವಾಗಿಯೇ ಮಾಡಬೇಕು.

ಬಿಸಿಲು, ಚಳಿ, ಬೆಟ್ಟ

ಸೋರಿಕೆಯೇ ಇಲ್ಲದೆ ಮುಳ್ಳು ಏರಿಳಿಯುವ ಕಾರಣಗಳು ಇನ್ನೂ ಇವೆ. ಒಂದು, ಉಷ್ಣತೆ. ಬೆಂಗಳೂರಿನ ಡಿಸೆಂಬರ್ ಮುಂಜಾವಿನ 15 ಡಿಗ್ರಿಯಲ್ಲಿ 80 ಹಾಕಿದ ಫೋರ್ಕನ್ನು ಕಲಬುರಗಿಯ ಮೇ ತಿಂಗಳ 42 ಡಿಗ್ರಿಗೆ ಒಯ್ದರೆ, ಯಾರೂ ಮುಟ್ಟದೆಯೇ ಅದು 89ರ ಹತ್ತಿರ ಹೋಗುತ್ತದೆ. ಹಿಂದಕ್ಕೆ ಬಂದರೆ ಇಳಿಯುತ್ತದೆ. ಪಂಪು ಬಿರುಸಾಗಿ ಹೊಡೆದಾಗಲೂ ಗಾಳಿ ಬಿಸಿಯಾಗಿ, ಆರಿದ ಮೇಲೆ ಒಂದಿಷ್ಟು ಕುಗ್ಗುತ್ತದೆ.

ಇನ್ನೊಂದು, ಎತ್ತರ. ಮೀಟರು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ಅಂತರವನ್ನು. ಮಂಗಳೂರಿನ ಕಡಲ ದಡದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅದು 12ಕ್ಕೂ ಕಡಿಮೆ. ಹಾಗಾಗಿ ಕರಾವಳಿಯಲ್ಲಿ ತುಂಬಿದ ಫೋರ್ಕ್ ಅಲ್ಲಿ ಸುಮಾರು 3 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಮನಾಲಿ–ಲೇಹ್ ದಾರಿ ಹಿಡಿಯುವ ನಮ್ಮವರ ವಿಷಯದಲ್ಲಿ ಇದು ಇನ್ನೂ ದೊಡ್ಡದು. ಆದರೆ ಅಲ್ಲಿ ಎತ್ತರ ಏರಿಸಿದ್ದನ್ನು ಚಳಿ ಇಳಿಸಿ ಲೆಕ್ಕ ಬಹುತೇಕ ಸರಿದೂಗಿಸುತ್ತದೆ.

ಆದರೂ ಬೆಟ್ಟದ ಮೇಲೆ ಫೋರ್ಕ್ ಒರಟಾಯಿತು ಎನ್ನುವವರ ಮಾತು ಸುಳ್ಳಲ್ಲ. ತಪ್ಪಿರುವುದು ಗಾಳಿಯ ಕೋಣೆಯಲ್ಲಲ್ಲ, ಅದರ ಹೊರಗಿನ ಕೆಳಗಾಲಿನಲ್ಲಿ. ಚಕ್ರ ಹಿಡಿದಿರುವ ಆ ದಪ್ಪ ಕಾಲುಗಳೊಳಗೆ ಜಾರುಎಣ್ಣೆ ಒಂದಿಷ್ಟು, ಉಳಿದಂತೆ ಜೋಡಿಸುವಾಗ ಸಿಕ್ಕಿಕೊಂಡ ಸಾಮಾನ್ಯ ಗಾಳಿ. ಬಯಲುಸೀಮೆಯಲ್ಲಿ ಜೋಡಿಸಿದ ಫೋರ್ಕನ್ನು ಘಟ್ಟದ ತುದಿಗೆ ಒಯ್ದಾಗ ಆ ಗಾಳಿ ಹೊರಗಿನದಕ್ಕಿಂತ ಹೆಚ್ಚು ಒತ್ತಡದ್ದಾಗಿ, ಬೇಡದ ಇನ್ನೊಂದು ಸ್ಪ್ರಿಂಗಿನಂತೆ ಅಡ್ಡ ನಿಲ್ಲುತ್ತದೆ. ಸೀಲುಗಳನ್ನೂ ಕೊಳವೆಗೆ ಬಿಗಿಯಾಗಿ ಒತ್ತುತ್ತದೆ. ಫಾಕ್ಸ್, ರಾಕ್‌ಶಾಕ್ಸ್ ಕಂಪನಿಗಳು ತಮ್ಮ ಈಚಿನ ದುಬಾರಿ ಮಾದರಿಗಳಲ್ಲಿ ಕೆಳಗಾಲಿನ ಹಿಂಬದಿಗೆ ಒತ್ತುಗುಂಡಿ ಇಟ್ಟಿರುವುದು ಇದಕ್ಕೇ, ಒತ್ತಿದರೆ ‘ಪುಸ್’ ಎಂದು ಹೆಚ್ಚುವರಿ ಗಾಳಿ ಹೊರಟುಹೋಗುತ್ತದೆ. ಗುಂಡಿಯಿಲ್ಲದ ಫೋರ್ಕಿಗೆ ತೆಳ್ಳಗಿನ ಪ್ಲಾಸ್ಟಿಕ್ ಜಿಪ್ ಟೈಯನ್ನು ಎಣ್ಣೆಯಲ್ಲಿ ಅದ್ದಿ ದೂಳುಸೀಲಿನ ಅಂಚಿನಲ್ಲಿ ಮೆಲ್ಲಗೆ ತೂರಿಸಿ ಗಾಳಿ ಬಿಡುವ ಉಪಾಯವಿದೆ. ಸ್ಕ್ರೂಡ್ರೈವರ್ ತೂರಿಸುವ ಧೈರ್ಯ ಬೇಡ. ಸೀಲು ಹರಿಯುತ್ತದೆ, ಕೊಳವೆ ಗೀರುತ್ತದೆ.

ಹೊರಗೆ, ಕೆಳಗೆ, ಇನ್ನೂ ಕೆಳಗೆ

ಇಷ್ಟನ್ನೆಲ್ಲ ಪಕ್ಕಕ್ಕಿಟ್ಟ ಮೇಲೂ ಫೋರ್ಕ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸೋರಿಕೆ ನಿಜ. ಅದನ್ನು ಹಿಡಿಯಲು ಮೀಟರಿಗಿಂತ ನಂಬಿಕಸ್ಥ ಸಾಧನ ಶಾಲೆಮಕ್ಕಳ ಸ್ಕೇಲು. ರಾತ್ರಿ ಗಾಳಿ ಹಾಕಿ, ಹೊಳೆಯುವ ಕೊಳವೆ ಎಷ್ಟು ಕಾಣುತ್ತಿದೆ ಎಂದು ಅಳೆದು ಬರೆದಿಡಿ, ಸ್ಯಾಗನ್ನೂ ಬರೆದಿಡಿ. ಬೆಳಿಗ್ಗೆ ಎರಡನ್ನೂ ಮತ್ತೆ ಅಳೆಯಿರಿ. ಪಂಪು ಸಿಕ್ಕಿಸಿದರೆ ಅಳೆಯುವ ಕೆಲಸವೇ ಅಳತೆಯನ್ನು ಕೆಡಿಸುತ್ತದೆ. ಸ್ಕೇಲಿಗೆ ಆ ಚಾಳಿಯಿಲ್ಲ.

ಉದ್ದ ಹಾಗೆಯೇ ಇದ್ದು ಸ್ಯಾಗ್ ಮಾತ್ರ ಹೆಚ್ಚಿದ್ದರೆ, ಫೋರ್ಕ್ ಮೆತ್ತಗಾಗಿದ್ದರೆ, ಗಾಳಿ ನೇರ ಹೊರಗೆ ಹೋಗುತ್ತಿದೆ ಎಂಬ ಗುಮಾನಿ. ಇದು ಅದೃಷ್ಟದ ರೋಗ, ಔಷಧಿ ಅಗ್ಗ. ಮೊದಲ ಆರೋಪಿ ವಾಲ್ವ್. ಪಂಕ್ಚರ್ ಅಂಗಡಿಯವರು ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಒತ್ತಿ ಗುಳ್ಳೆ ನೋಡುವ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ, ಸೋಪಿನ ನೀರಾದರೆ ಇನ್ನೂ ಚೆನ್ನ. ಗುಳ್ಳೆ ವಾಲ್ವಿನ ನಡುವಿನಿಂದ ಬಂದರೆ ಒಳಗಿನ ಪಿನ್ನು ಸಡಿಲವಾಗಿದೆ ಅಥವಾ ಅದರ ರಬ್ಬರು ಸವೆದಿದೆ. ಟಯರಿನವರ ಬಳಿಯಿರುವ ವಾಲ್ವ್ ಕೀಲಿಯಿಂದ ಹಿತವಾಗಿ ಬಿಗಿದರೆ ಎಷ್ಟೋ ಸಲ ಕತೆ ಅಲ್ಲಿಗೆ ಮುಗಿಯುತ್ತದೆ, ಇಲ್ಲವಾದರೆ ಪಿನ್ನು ಬದಲಿಸಿದರಾಯಿತು. ಗುಳ್ಳೆ ವಾಲ್ವಿನ ಸುತ್ತಲಿನ ದೊಡ್ಡ ಮುಚ್ಚಳದ ಅಂಚಿನಿಂದ ಎದ್ದರೆ ಅದರಡಿಯ ಓ-ರಿಂಗ್ ಹೋಗಿದೆ. ಆ ಮುಚ್ಚಳವನ್ನು ಗಾಳಿ ಪೂರ್ತಿ ಇಳಿಸದೆ ತಿರುಗಿಸಿದರೆ ಅದು ಗುಂಡಿನಂತೆ ಹಾರುತ್ತದೆ.

ಎರಡನೆಯ ದಾರಿ ಪಿಸ್ಟನ್ನಿನ ಸೀಲು. ಅದು ಸವೆದರೆ, ಅಥವಾ ಕೊಳವೆಯ ಒಳಮೈಯಲ್ಲಿ ಗೀರಿದ್ದರೆ, ಮೇಲಿನ ಕೋಣೆಯ ಗಾಳಿ ಕಿಂಡಿಗೆ ಕಾಯದೆ ಸಂದಿಯಿಂದ ಕೆಳಗಿನ ಕೋಣೆಗೆ ನುಸುಳುತ್ತದೆ. ಹೊರಗೆ ಒಂದು ಗುಳ್ಳೆಯೂ ಕಾಣದು. ಆದರೆ ಫೋರ್ಕ್ ಕುಳ್ಳಾಗುತ್ತ ಹೋಗುತ್ತದೆ. 120 ಮಿ.ಮೀ. ಕಾಣಬೇಕಾದ ಕಡೆ 90 ಕಾಣುತ್ತದೆ. ಚಕ್ರವನ್ನು ಪಾದದಿಂದ ಒತ್ತಿ ಹಿಡಿದು ಹ್ಯಾಂಡಲ್ ಮೇಲಕ್ಕೆ ಎಳೆದರೆ ಒಂದಿಷ್ಟು ಬಂದು, ಬಿಟ್ಟೊಡನೆ ಮತ್ತೆ ಒಳಕ್ಕೆ ಸೇರಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಗಾಳಿ ಪೂರ್ತಿ ಬಿಟ್ಟರೆ ಇನ್ನಷ್ಟು ಕುಸಿಯುತ್ತದೆಯೇ ಹೊರತು ಸರಿಹೋಗುವುದಿಲ್ಲ. ಮಾಡಬೇಕಾದದ್ದು ತಿರುಗುಮುರುಗು: ಫೋರ್ಕಿನ ಮೇಲೆ ಬರೆದಿರುವ ಗರಿಷ್ಠ ಮಿತಿ ದಾಟದಂತೆ ಗಾಳಿ ಹೆಚ್ಚಿಸಿ, ಹ್ಯಾಂಡಲ್ ಎಳೆದು ಪಿಸ್ಟನ್ನನ್ನು ಕಿಂಡಿಯ ಎದುರಿಗೆ ತಂದು, ಕೆಳಗಿನ ಗಾಳಿ ಮೇಲಕ್ಕೆ ದಾಟಿದ ಮೇಲೆ ಸ್ವಲ್ಪ ಸ್ವಲ್ಪ ಇಳಿಸುವುದು. ಒಮ್ಮೆ ಹೀಗಾದರೆ ಅವಸರದಲ್ಲಿ ಗಾಳಿ ಬಿಟ್ಟದ್ದರ ಫಲ ಎನ್ನಬಹುದು. ಪ್ರತಿ ಸವಾರಿಯಲ್ಲೂ ಆದರೆ ಸೀಲು ಬದಲಿಸಲೇಬೇಕು.

ಮೂರನೆಯದು ಕೊಂಚ ಕಪಟಿ. ನೆಗೆಟಿವ್ ಕೋಣೆಯ ತಳದಲ್ಲಿ, ಪಿಸ್ಟನ್ನಿನ ಕಡ್ಡಿ ಹಾದುಹೋಗುವ ಕಡೆ ಇನ್ನೊಂದು ಸೀಲಿದೆ. ಅದು ಸೋತರೆ ಗಾಳಿ ಕೆಳಗಾಲಿನೊಳಕ್ಕೆ ಇಳಿಯುತ್ತದೆ. ನೆಗೆಟಿವ್ ಕೋಣೆ ಖಾಲಿಯಾದಾಗಲೆಲ್ಲ ಕಿಂಡಿಯ ಮೂಲಕ ಮೇಲಿನದು ಅದನ್ನು ತುಂಬಿಕೊಡುತ್ತದೆ, ಹೀಗೆ ಎರಡೂ ಬರಿದಾಗುತ್ತ ಹೋಗುತ್ತವೆ. ಗಾಳಿ ಹಾಕಿ ನಿಂತಾಗ ಫೋರ್ಕ್ ಸೆಟೆದುಕೊಂಡಿರುತ್ತದೆ. ಚಕ್ರ ನೆಲ ಬಿಟ್ಟಾಗ ‘ಟಕ್’ ಎಂಬ ಲೋಹದ ಸದ್ದು ಬರುತ್ತದೆ, ಎದುರು ತಳ್ಳುವ ಗಾಳಿ ಇಲ್ಲವಲ್ಲ. ಅತ್ತ ಕೆಳಗಾಲಿನೊಳಗೆ ಗಾಳಿ ತುಂಬಿ, ಮೀಟರಿನಲ್ಲಿ ಕಡಿಮೆ ಇದ್ದರೂ ಫೋರ್ಕ್ ಪೂರ್ತಿ ಕುಸಿಯದೆ ಮೊಂಡು ಹಿಡಿಯುತ್ತದೆ. ದೂಳುಸೀಲಿನ ಸುತ್ತ ಎಣ್ಣೆ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತದೆ. ‘ಗಾಳಿ ಕಡಿಮೆ, ಆದರೂ ಗಟ್ಟಿ’ ಎಂಬ ಈ ವಿಚಿತ್ರ ಜೋಡಿ ಕಂಡರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ.

ಕೊಳವೆಯ ಮೇಲೆ ತೆಳುವಾದ ಎಣ್ಣೆಪದರ ಕಂಡು ಹೆದರುವವರಿದ್ದಾರೆ. ಅದು ಇರಬೇಕಾದದ್ದೇ. ದಪ್ಪ ಉಂಗುರದಂತೆ ನಿಂತು ಮಣ್ಣು ಹಿಡಿಯುತ್ತಿದ್ದರೆ ದೂಳುಸೀಲು ಸವೆದಿದೆ ಎಂದಷ್ಟೇ. ಆ ಸೀಲಿಗೂ ಕೋಣೆಯ ಗಾಳಿಗೂ ನೇರ ಸಂಬಂಧವಿಲ್ಲ.

ಗಾಳಿಯ ತಲೆಗೆ ಕಟ್ಟುವ ತಪ್ಪುಗಳು

ಬಲಗಾಲಿನ ತಲೆಯ ಮೇಲೆ ಫೋರ್ಕನ್ನು ಜಡವಾಗಿಸುವ ಲಾಕ್‌ಔಟ್ ಇರುತ್ತದೆ. ಏರುದಾರಿಯಲ್ಲಿ ಹಾಕಿ, ಇಳಿಯುವಾಗ ತೆಗೆಯಲು ಮರೆತು, ಗಾಳಿ ಜಾಸ್ತಿಯಾಯಿತೆಂದು ನಡುದಾರಿಯಲ್ಲಿ ವಾಲ್ವ್ ಒತ್ತಿದವರ ಸಂಖ್ಯೆ ಕಡಿಮೆಯಿರಲಾರದು.

ಇದಕ್ಕಿಂತ ಸೂಕ್ಷ್ಮವಾದದ್ದು ಬಲಗಾಲಿನ ಪಾದದಲ್ಲಿರುವ ರಿಬೌಂಡ್ ಗುಂಡಿಯ ತೊಂದರೆ. ಕುಸಿದ ಫೋರ್ಕ್ ಎಷ್ಟು ಬೇಗ ಮೇಲೇಳಬೇಕೆಂದು ನಿರ್ಧರಿಸುವುದು ಅದು. ತೀರ ನಿಧಾನಕ್ಕೆ ಇಟ್ಟಿದ್ದರೆ ಸಾಲುಸಾಲು ಬೇರುಗಳ ಮೇಲೆ ಒಂದು ಹೊಡೆತದಿಂದ ಏಳುವಷ್ಟರಲ್ಲಿ ಇನ್ನೊಂದು ಬಂದು, ಫೋರ್ಕ್ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತ ಹೋಗುತ್ತದೆ. ಸವಾರನಿಗೆ ಥೇಟ್ ಗಾಳಿ ಹೋದಂತೆಯೇ ಅನಿಸುತ್ತದೆ. ನಿಂತು ನೋಡಿದರೆ ಉದ್ದ ಸರಿಯಾಗಿಯೇ ಇರುತ್ತದೆ.

ಸ್ಯಾಗ್ ಸರಿಯಿದ್ದೂ ದೊಡ್ಡ ಹೊಡೆತಕ್ಕೆ ತಳ ತಾಗುತ್ತಿದ್ದರೆ ಗಾಳಿ ಹೆಚ್ಚಿಸಬೇಡಿ. ಮೇಲಿನ ಮುಚ್ಚಳದಡಿ ಪ್ಲಾಸ್ಟಿಕ್ ಬಿಲ್ಲೆಗಳನ್ನು ಸೇರಿಸಿ ಕೋಣೆಯ ಜಾಗವನ್ನೇ ಕಿರಿದು ಮಾಡುವ ವ್ಯವಸ್ಥೆ ಹೆಚ್ಚಿನ ಫೋರ್ಕುಗಳಲ್ಲಿದೆ. ಆರಂಭ ಮೆತ್ತಗೇ ಉಳಿದು ಕೊನೆ ಮಾತ್ರ ಗಟ್ಟಿಯಾಗುತ್ತದೆ. ಬಿಲ್ಲೆ ಹಾಕದೆಯೂ ಕೊನೆ ಗಟ್ಟಿಯಾಗುತ್ತಿದ್ದರೆ ಒಳಗೆ ಗ್ರೀಸೋ ಎಣ್ಣೆಯೋ ಸೇರಿ ಜಾಗ ತಿನ್ನುತ್ತಿರಬಹುದು. ಕೈ ಧಾರಾಳವಾದ ಮೆಕ್ಯಾನಿಕ್ಕುಗಳು ಮೆತ್ತಿದ ಗ್ರೀಸು ಆ ಪುಟ್ಟ ಕಿಂಡಿಯನ್ನೇ ಮುಚ್ಚಿಬಿಡುವುದೂ ಉಂಟು. ಆಗ ಕೋಣೆಗಳು ಸಮವಾಗುವುದೇ ಇಲ್ಲ.

ಸೀಲು ಸವೆಯುವುದು ಯಾಕೆ

ಉತ್ತರ ಕರ್ನಾಟಕದ ದೂಳು, ಮಲೆನಾಡಿನ ಕೆಸರು ಎರಡೂ ಸೀಲಿನ ಶತ್ರುಗಳೇ. ಆದರೆ ನನ್ನ ಪ್ರಕಾರ ಅವೆರಡಕ್ಕಿಂತ ಹೆಚ್ಚು ಹಾಳುಮಾಡುವುದು ಸವಾರಿ ಮುಗಿಸಿ ಬರುವಾಗ ದಾರಿಬದಿಯಲ್ಲಿ ಮಾಡಿಸುವ ವಾಟರ್ ಸರ್ವಿಸ್. ಕೆಸರನ್ನು ಹೊರಗಿಡಲು ಮಾಡಿದ ತೆಳು ರಬ್ಬರಿನ ತುಟಿಗೆ ಆ ರಭಸದ ನೀರು ತಡೆಯುವ ಶಕ್ತಿಯಿಲ್ಲ, ನೀರಿನ ಜೊತೆ ಮರಳೂ ಒಳಗೆ ನುಗ್ಗುತ್ತದೆ. ಬಕೆಟ್ಟು, ಬಟ್ಟೆ ಸಾಕು.

ಎಷ್ಟು ದಿನಕ್ಕೊಮ್ಮೆ ಬಿಚ್ಚಬೇಕು ಎಂಬುದನ್ನು ತಯಾರಕರು ದಿನದಲ್ಲಲ್ಲ, ಸವಾರಿಯ ಗಂಟೆಗಳಲ್ಲಿ ಹೇಳುತ್ತಾರೆ. ರಾಕ್‌ಶಾಕ್ಸ್ ತನ್ನ ಫೋರ್ಕುಗಳ ಕೆಳಗಾಲಿನ ಎಣ್ಣೆಯನ್ನು 50 ಗಂಟೆಗೊಮ್ಮೆ ಬದಲಿಸಲು ಹೇಳಿದರೆ, ಫಾಕ್ಸ್ ಪೂರ್ತಿ ಸರ್ವಿಸಿಗೆ 125 ಗಂಟೆ ಅಥವಾ ಒಂದು ವರ್ಷ ಎನ್ನುತ್ತದೆ. ಮಳೆಗಾಲದಲ್ಲಿ ಮಲೆನಾಡು ಸುತ್ತುವವರು ಇದನ್ನು ಗರಿಷ್ಠ ಮಿತಿಯೆಂದೇ ಓದಬೇಕು.

ಬಿಚ್ಚುವ ಮೊದಲು

ಗಾಳಿ ಪೂರ್ತಿ ಬಿಟ್ಟ ಮೇಲೂ ಫೋರ್ಕ್ ಕುಳ್ಳಾಗಿಯೇ ನಿಂತಿದ್ದರೆ ಮನೆಯಲ್ಲಿ ಸ್ಪ್ಯಾನರ್ ಮುಟ್ಟಬೇಡಿ. ಕೆಳಗಿನ ಕೋಣೆಯಲ್ಲಿ ಒತ್ತಡ ಉಳಿದಿದೆ ಎಂದೇ ಅದರ ಅರ್ಥ. ಆ ಸ್ಥಿತಿಯಲ್ಲಿ ಪಾದದ ಬೋಲ್ಟು ಬಿಚ್ಚಿದರೆ ಒಳಗಿನ ಭಾಗಗಳು ರಭಸದಿಂದ ಚಿಮ್ಮಿ ಗಾಯ ಮಾಡಬಲ್ಲವು. ತಯಾರಕರ ಕೈಪಿಡಿಗಳೂ ಈ ಎಚ್ಚರಿಕೆ ಕೊಡುತ್ತವೆ. ಅದು ಫೋರ್ಕ್ ಕೆಲಸ ಗೊತ್ತಿರುವವರ ಪಾಲಿನದು, ಮಾಮೂಲಿ ಸೈಕಲ್ ರಿಪೇರಿಯವರದೂ ಅಲ್ಲ.

ಸೀಲ್ ಕಿಟ್ ಕೇಳುವಾಗ ‘120ರ ಏರ್ ಫೋರ್ಕ್’ ಎಂದರೆ ಸಾಲದು. ಒಂದೇ ಹೆಸರಿನ ಫೋರ್ಕಿಗೆ ವರ್ಷಕ್ಕೊಂದು ಬಗೆಯ ಪಿಸ್ಟನ್ ಇರಬಹುದು, ಅರ್ಧ ಮಿಲಿಮೀಟರ್ ಆಚೀಚೆಯಾದರೂ ಹೊಸ ಸೀಲೂ ಸೋರುತ್ತದೆ. ರಾಕ್‌ಶಾಕ್ಸ್ ಆದರೆ ಎರಡು ಕಾಲು ಕೂಡುವ ಮೇಲ್ಭಾಗದಲ್ಲಿ ಕೊರೆದಿರುವ ಸೀರಿಯಲ್ ನಂಬರು, ಫಾಕ್ಸ್ ಆದರೆ ಕೆಳಗಾಲಿನ ಹಿಂಬದಿಯ ನಾಲ್ಕು ಅಕ್ಷರದ ಗುರುತು, ಇವುಗಳ ಫೋಟೊ ತೆಗೆದು ಕಳಿಸಿ. ಜೊತೆಗೆ ನಿಮ್ಮ ಸ್ಕೇಲಿನ ಲೆಕ್ಕವನ್ನೂ ಹೇಳಿ: ರಾತ್ರಿ ಇಷ್ಟಿತ್ತು, ಬೆಳಿಗ್ಗೆ ಇಷ್ಟಾಗಿದೆ, ಗುಳ್ಳೆ ಬಂತು ಅಥವಾ ಬರಲಿಲ್ಲ. ಕೆಲಸ ಬಲ್ಲ ಮೆಕ್ಯಾನಿಕ್ ಅಷ್ಟರಲ್ಲೇ ಯಾವ ಸೀಲೆಂದು ಊಹಿಸಿರುತ್ತಾರೆ.

ಕಿಟ್ ಬರಲು ತಡವಾದರೆ, ವಾಲ್ವಿನಿಂದ ಅಥವಾ ಮುಚ್ಚಳದಿಂದ ನಿಧಾನಕ್ಕೆ ಸೋರುವ ಫೋರ್ಕಿನಲ್ಲಿ ಪ್ರತಿ ಸವಾರಿಗೂ ಮುನ್ನ ಗಾಳಿ ಹಾಕಿಕೊಂಡು ಸಮತಟ್ಟಾದ ದಾರಿಗಳಲ್ಲಿ ಓಡಾಡಲಡ್ಡಿಯಿಲ್ಲ. ಒಳಕ್ಕೆ ಎಳೆದುಕೊಂಡು ಕುಳ್ಳಾಗುವ ಫೋರ್ಕಿನದು ಬೇರೆ ಮಾತು. ಅದರಲ್ಲಿ ಹ್ಯಾಂಡಲ್ ತಗ್ಗಿ, ಸವಾರನ ಭಾರ ಮುಂಚಕ್ರದ ಮೇಲೆ ಬಿದ್ದು, ಇಳಿಜಾರಿನಲ್ಲಿ ಮುಗ್ಗರಿಸುವ ಸಂಭವ ಹೆಚ್ಚು. ಆ ಸೈಕಲ್ ರಿಪೇರಿಯಾಗುವವರೆಗೆ ನೆಲಮಾಳಿಗೆಯಲ್ಲೇ ಇರಲಿ.